ವಿಭೂತಿಹಳ್ಳಿಯ ಕಲ್ಲಸಾಲು

ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಬಂದವರಿಗೆ, ಬುದ್ಧನೇ ಪವಡಿಸಿದಂತೆ ದಿಗಂತದಲ್ಲಿ ಚಾಚಿಕೊಂಡಿರುವ ಬೆಟ್ಟವನ್ನು ತೋರಿಸಲು ಊರಿಗೆ ಊರೇ ಕೈಯೆತ್ತುತ್ತದೆ. ಆದರೆ ಅಲ್ಲಿಯೇ ನೆರೆಯ ವಿಭೂತಿಹಳ್ಳಿಯಲ್ಲಿ, ಸುಮಾರು 12 ಎಕರೆ ನೆಲವನ್ನು ವ್ಯಾಪಿಸಿ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಪ್ರಾಗೈತಿಹಾಸಿಕ ಶಿಲೆಗಳನ್ನು ಕುರಿತು ವಿಚಾರಿಸಿದರೆ, ‘ಅಲ್ಲೇನೈತ್ರಿ, ಬರೇ ಕಲ್ಲ ಅದಾವ’ ಎಂಬ ಉತ್ತರ ಬಂದೀತು.

ಮಾತು ಸುಳ್ಳಲ್ಲ. ಉಳಿಯ ಪೆಟ್ಟನ್ನೇ ಕಾಣದ ಒರಟು ಗುಂಡುಗಳು ಅವು. ಬಿಸಿಲಿಗೆ ಕಾದ ಮೈಯನ್ನು ಮುಟ್ಟಿದರೆ ಅಂಗೈಗೆ ತರಿತರಿ ಹತ್ತುವುದೇ ಹೊರತು ಲಿಪಿಯಿಲ್ಲ, ರೇಖೆಯಿಲ್ಲ. ಆದರೆ ಒಂದರ ಬೆನ್ನಿಗೆ ನಿಂತು ಮುಂದಿನದರತ್ತ ದೃಷ್ಟಿ ಹಾಯಿಸಿದೊಡನೆ ಸಾಲು ಮೂಡುತ್ತದೆ. ಓರೆಯಾಗಿ ನೋಡಿದರೆ ಮತ್ತೊಂದು ಸಾಲು. ಇಲ್ಲಿ ಕಟ್ಟಡವೆಂಬುದು ಕಲ್ಲಲ್ಲ, ಕಲ್ಲುಗಳ ನಡುವಣ ಅಂತರ.

ಸುರಪುರದ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನಡೆಸಿ, ಅವನಿಂದ ‘ಅಪ್ಪಾ’ ಎನಿಸಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಈ ಸೀಮೆಯ ಶಿಲಾಸಮಾಧಿಗಳನ್ನು ಶೋಧಿಸಿ, ತನ್ನ ದೇಶದ ಪ್ರಾಚೀನ ಪುರೋಹಿತರಾದ ಡ್ರೂಯಿಡರ ನೆನಪನ್ನು ಅವುಗಳಿಗೆ ತಗುಲಿಸಿದ. ಮನುಷ್ಯನು ಎಲ್ಲಿಗೆ ಹೋದರೂ ತನ್ನೂರನ್ನೇ ಕಾಣುತ್ತಾನಷ್ಟೆ. 1956ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಇಂಥ ಕಲ್ಲಸಾಲುಗಳನ್ನು ಕುರಿತು ಲೇಖನ ಬರೆದರು. 1990ರ ದಶಕದಲ್ಲಿ ಬೆಂಗಳೂರಿನ ಖಭೌತ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು, ಅಯನಗಳು ತಿರುಗುವ ದಿನಗಳ ಸೂರ್ಯೋದಯ ಸೂರ್ಯಾಸ್ತಗಳ ದಿಕ್ಕನ್ನು ಈ ಸಾಲುಗಳು ಸೂಚಿಸುತ್ತವೆಂದು ಪ್ರತಿಪಾದಿಸಿದರು.

ವಾದವು ಮನೋಹರವಾದುದು, ಆದರೂ ನನಗೊಂದು ತಕರಾರುಂಟು. ಚದುರಂಗದ ಹಲಗೆಯನ್ನು ಮೂಡಣಕ್ಕೆ ನೇರವಾಗಿಟ್ಟು, ಕುದುರೆಯನ್ನು ಎರಡು ಮನೆ ಮುಂದಕ್ಕೂ ಒಂದು ಮನೆ ಬಡಗಣಕ್ಕೂ ನಡೆಸಿದರೆ, ಅದು ಜೂನ್ 21ರಂದು ಇಲ್ಲಿ ಸೂರ್ಯನು ಹುಟ್ಟುವ ದಿಕ್ಕಿಗೆ ಎರಡು ಡಿಗ್ರಿಯಷ್ಟು ಸಮೀಪ ಬರುತ್ತದೆ. ಹಲಗೆಯ ಮನೆಗಳಂತೆಯೇ ಸಮಾನ ಅಂತರದಲ್ಲಿರುವ ನೂರಾರು ಕಲ್ಲುಗಳಲ್ಲಿ ಹುಡುಕಿದವನಿಗೆ ಬೇಕಾದ ದಿಕ್ಕು ದೊರೆಯದಿರುವುದೇ ಕಷ್ಟ.

ಅಲ್ಲದೆ, ಅಯನವನ್ನು ಅರಿಯಲು ಎರಡು ಕಲ್ಲು ಸಾಲದೆ? ಉಳಿದವನ್ನು ಉರುಳಿಸಿ ತಂದ ಶ್ರಮವೇತಕ್ಕೆ? ಕೊಯ್ಲು ಮುಗಿದ ಮೇಲೆ, ವರ್ಷಕ್ಕೊಮ್ಮೆ, ಒಂದೊಂದು ಮನೆತನವೂ ತನ್ನ ಪಾಲಿನ ಗುಂಡನ್ನು ತಂದು, ಹಿರಿಯನೊಬ್ಬನು ಒಂದು ಕಣ್ಣು ಮುಚ್ಚಿ ‘ಇನ್ನಷ್ಟು ಈಚೆಗೆ’ ಎಂದೆನ್ನಲು, ಅದನ್ನು ಸಾಲಿಗೆ ಸೇರಿಸುತ್ತಿದ್ದಿರಬೇಕೆಂದು ಕಲ್ಪಿಸಿಕೊಳ್ಳುವುದು ನನಗೆ ಪ್ರಿಯ.