ಕೌದಿಯ ಕೋಣೆಯಲ್ಲಿ ಹಾಡು

ಧ್ವನಿಮುದ್ರಣ ಎಂದೊಡನೆ ನಮ್ಮ ಮನಸ್ಸು ಮೊದಲು ಯಂತ್ರದ ಕಡೆಗೆ ಹರಿಯುತ್ತದೆ. ಯಾವ ಮೈಕು, ಯಾವ ಕಂಪ್ಯೂಟರು, ಎಷ್ಟು ಬೆಲೆ ಎಂದು ವಿಚಾರಿಸುವವರೇ ಬಹಳ. ಹಾಡುವವರು ಕೂಡುವ ಕೋಣೆ ಹೇಗಿದೆ ಎಂದು ಕೇಳುವವರು ವಿರಳ. ಅಲ್ಪ ಹಣದಲ್ಲಿ ಮನೆಯಲ್ಲಿಯೇ ಸಂಗೀತವನ್ನು ಮುದ್ರಿಸಿಕೊಳ್ಳಬಯಸುವವರಿಗೆ ನಾನು ಹೇಳಬೇಕಾದುದು ಇಷ್ಟೇ: ಮೊದಲು ಕೋಣೆ, ಆಮೇಲೆ ಯಂತ್ರ.

1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಕಂಠ ಗ್ರಾಮಫೋನ್ ತಟ್ಟೆಯನ್ನು ಏರಬೇಕಾದರೆ ಅವರು ಮುಂಬಯಿಗೆ ಹೋಗಬೇಕಾಯಿತು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ರಾಗದ ಸಮಸ್ತ ವೈಭವವೂ ಅಷ್ಟರೊಳಗೇ ಮುಗಿಯಬೇಕು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಸೀಮೆಯ ಗಾಯಕರಿಗೆ ಹತ್ತಿರದಲ್ಲಿಯೇ ಒಂದು ಶಬ್ದಮಂದಿರ ದೊರೆಯಿತು. ಇಂದು ಮುದ್ರಣದ ಯಂತ್ರ ಕೈಚೀಲದಲ್ಲಿ ಹಿಡಿಸುವಷ್ಟು ಚಿಕ್ಕದಾಗಿದೆ. ಆದರೆ ಆ ಮಂದಿರದ ನಿಶ್ಶಬ್ದವನ್ನು ಯಾವ ಅಂಗಡಿಯವನೂ ಯಂತ್ರದ ಪೆಟ್ಟಿಗೆಯಲ್ಲಿ ಇಟ್ಟು ಕೊಡಲಾರ.

ಹುಬ್ಬಳ್ಳಿ ತಾಲೂಕಿನ ಸುಳ್ಳದಲ್ಲಿ, ಬಂಧುಗಳ ಮನೆಯೊಂದರಲ್ಲಿ, ಇಂಥ ಕೋಣೆಯನ್ನು ಸಿದ್ಧಪಡಿಸುವಾಗ ನಾನೂ ಜೊತೆಗಿದ್ದೆ. ಓಣಿಯ ಭಜನಾ ಮೇಳದ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. ಬೀಸುವ ಪದ ಬಲ್ಲ ಮುದುಕಿಯರು ಇಬ್ಬರೋ ಮೂವರೋ ಉಳಿದಿದ್ದರು. ಹಾಡನ್ನು ಬರೆದಿಟ್ಟರೆ ಮಾತು ಉಳಿದೀತು. ಸಾಲಿನ ಕೊನೆಯಲ್ಲಿ ದನಿಯನ್ನು ಎಳೆದು ಇಳಿಸುವ ಆ ರೀತಿಯನ್ನು ಯಾವ ಲಿಪಿ ಹಿಡಿದೀತು? ಅವರನ್ನು ತಾಸಿನ ಬಾಡಿಗೆಯ ಪಟ್ಟಣದ ಸ್ಟುಡಿಯೋಕ್ಕೆ ಕರೆದೊಯ್ದರೆ ಗಾಜಿನ ಗೋಡೆಯನ್ನು ಕಂಡೇ ಗಂಟಲು ಕಟ್ಟುತ್ತದೆ.

ಆ ಮನೆಯಲ್ಲಿ ಕೋಣೆಗಳು ಎರಡು. ಮುಂದಿನದು ಹೊಸದು: ಸಿಮೆಂಟಿನ ಗೋಡೆ, ನುಣುಪಾದ ಹಾಸುಗಲ್ಲು, ಮೇಲೆ ಕಾಂಕ್ರೀಟು. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ತಗಡು ಬಡಿದಂತೆ ಝಣಝಣಿಸುವುದು. ಹಿಂದಿನದು ಹಳೆಯ ಮಾಳಿಗೆಯ ಕೋಣೆ, ದಪ್ಪ ಮಣ್ಣಿನ ಗೋಡೆ, ಕಿಟಕಿ ಒಂದೇ. ಹೊರಗಿನ ಸದ್ದನ್ನು ತಡೆಯುವುದು ಭಾರ. ಮೊಳದಗಲದ ಮಣ್ಣಿನ ಗೋಡೆಗೆ ಅದು ಸಹಜವಾಗಿಯೇ ಉಂಟು. ಆದಕಾರಣ ಹಿಂದಿನ ಕೋಣೆಯೇ ಸರಿಯೆಂದು ತೀರ್ಮಾನಿಸಿದೆವು.

ಒಳಗೆ ಪ್ರತಿಧ್ವನಿಸುವ ಸದ್ದನ್ನು ಹೀರುವುದು ಬೇರೆಯೇ ಕೆಲಸ. ಇವೆರಡನ್ನೂ ಒಂದೆಂದು ತಿಳಿದು ಹಣ ಕಳೆದುಕೊಳ್ಳುವವರುಂಟು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳಷ್ಟು ಕಾಲ ತೇಲುತ್ತಿತ್ತು. ಕೇಳುವವರಿಗೆ ಒಂದೂ ಅರ್ಥವಾಗದು. ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕ ಸಮೀಪದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು, ಒಂದೊಂದಾಗಿ ಹೆಚ್ಚಿಸುತ್ತ, ಸದ್ದು ಅಡಗುವ ಕಾಲವನ್ನು ಗಡಿಯಾರ ಹಿಡಿದು ಅಳೆದ. ಕೋಣೆಯ ಗಾತ್ರ ಹೆಚ್ಚಿದಷ್ಟೂ ಪ್ರತಿಧ್ವನಿ ಹೆಚ್ಚು, ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಕಡಿಮೆ ಎಂಬ ಲೆಕ್ಕ ಆ ಮೆತ್ತೆಗಳಿಂದಲೇ ಹುಟ್ಟಿತು. ಆ ಲೆಕ್ಕದಂತೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸದ್ದು ಅರ್ಧ ಸೆಕೆಂಡಿನೊಳಗೆ ಅಡಗಬೇಕಾದರೆ, ಸದ್ದನ್ನು ಪೂರ್ತಿ ಹೀರುವಂಥ ಮೈ ಸುಮಾರು 120 ಚದರಡಿ ಬೇಕು.

ಎರೆಭೂಮಿಯ ಮನೆಗೆ ಇದು ಕಷ್ಟವೆ? ಹತ್ತಿಯ ಸೀಮೆ ನಮ್ಮದು. ಹಳೆಯ ಸೀರೆ ಧೋತರಗಳ ಪದರುಗಳನ್ನು ಸೇರಿಸಿ ಹೊಲಿದ ಕೌದಿಗಳು ಮನೆಮನೆಯಲ್ಲಿವೆ. ಅವನ್ನು ಗೋಡೆಗೆ ಅಂಟಿಸಬಾರದು; ನಾಲ್ಕು ಬೆರಳು ದೂರದಲ್ಲಿ ಬಿದಿರಿನ ಗಳಕ್ಕೆ ಮಡಿಕೆಮಡಿಕೆಯಾಗಿ ತೂಗುಬಿಡಬೇಕು. ಹಿಂದಿನ ಗಾಳಿಯ ತೆರಪು ಅರಿವೆಯಷ್ಟೇ ಕೆಲಸ ಮಾಡುತ್ತದೆ. ನೆಲಕ್ಕೆ ನವಲಗುಂದದ ಜಮಖಾನೆ. ಮಂದ್ರಸ್ವರ ಮಾತ್ರ ಇದಕ್ಕೆ ಬಗ್ಗದು: ಸೆಕೆಂಡಿಗೆ 100 ಕಂಪನದ ಸ್ವರದ ಅಲೆ ಹನ್ನೊಂದು ಅಡಿ ಉದ್ದ. ಅಂಥದು ಮೂಲೆಗಳಲ್ಲಿ ಗುಂಯ್‌ಗುಡುತ್ತದೆ. ಆದ್ದರಿಂದ ಅರಳೆಯ ಗಾದಿಗಳನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದೆವು. ತತ್ತಿಯ ತಟ್ಟೆಗಳನ್ನು ಗೋಡೆಗೆ ಮೆತ್ತುವವರನ್ನು ನೀವು ಕಂಡಿರಬಹುದು. ತೆಳು ರಟ್ಟು ಬಹಳ ಸದ್ದನ್ನು ಹೀರಲಾರದು, ಬೆಂಕಿಗೆ ಮಾತ್ರ ಬೇಗ ಆಹುತಿ.

ಇನ್ನು ಯಂತ್ರ. ಬೇಕಾದವು ನಾಲ್ಕೇ: ಒಂದು ಮೈಕು, ಅದರ ದನಿಯನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಒಪ್ಪಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆ, ಮನೆಯಲ್ಲಿರುವ ಕಂಪ್ಯೂಟರು, ಕಿವಿ ಮುಚ್ಚುವ ಹೆಡ್‌ಫೋನು. ತಂತ್ರಾಂಶಕ್ಕೆ ಹಣ ಬೇಡ. ಆಡಾಸಿಟಿ 2000ದಿಂದಲೂ ಉಚಿತವಾಗಿ ದೊರೆಯುತ್ತಿದೆ. ಮೈಕಿನಲ್ಲಿ ಡೈನಮಿಕ್ ಬಗೆಯದು ಹತ್ತಿರದ ದನಿಯನ್ನು ಹಿಡಿದು ದೂರದ ಗದ್ದಲವನ್ನು ಅಷ್ಟಾಗಿ ಲೆಕ್ಕಿಸದು. ಕಂಡೆನ್ಸರ್ ಸೂಕ್ಷ್ಮಗ್ರಾಹಿ, 48 ವೋಲ್ಟಿನ ವಿದ್ಯುತ್ತನ್ನು ಪೆಟ್ಟಿಗೆಯಿಂದ ಪಡೆದು ಮುದುಕಿಯ ಸಣ್ಣ ದನಿಯನ್ನೂ, ಅದರೊಡನೆ ಗಿರಣಿಯ ಸದ್ದನ್ನೂ ಹಿಡಿಯುತ್ತದೆ. ಕೋಣೆ ಶಾಂತವಾಗಿದ್ದರಷ್ಟೇ ಅದು ಸಾರ್ಥಕ.

ಗಿರಣಿ ನಿಂತು, ಟ್ರಾಕ್ಟರುಗಳು ಮನೆ ಸೇರಿದ ಮೇಲೆ, ರಾತ್ರಿ ಹತ್ತರ ಅನಂತರ ನಮ್ಮ ಮುದ್ರಣ. ಫ್ಯಾನು ಬಂದು, ಬೇಸಿಗೆಯಲ್ಲಿ ಕೌದಿಗಳ ನಡುವೆ ಬೆವರು ಸುರಿಯುವುದು, ಸಹಿಸಬೇಕು. ಹಾಡುವವರಿಂದ ಒಂದು ಗೇಣಿನಷ್ಟು ದೂರದಲ್ಲಿ ಮೈಕು, ಬಾಯಿಗೆ ತುಸು ಓರೆಯಾಗಿ. ಹಾರ್ಮೋನಿಯಂ ಇವರ ಕೊರಳಿಗೆ ಸಮನಾಗಿ ಕೇಳಬೇಕೆಂದು ಇನ್ನೊಂದು ಮೈಕು ಕೊಳ್ಳುವುದಕ್ಕಿಂತ, ಬಾರಿಸುವವರನ್ನು ಎರಡು ಮೊಳ ಹಿಂದಕ್ಕೆ ಕೂಡಿಸುವುದು ಅಗ್ಗ. ದನಿ ಯಂತ್ರದ ಮಾಪಕದ ತುದಿಯನ್ನು ಮುಟ್ಟಬಾರದು; ಒಡೆದ ದನಿಯನ್ನು ಮತ್ತೆ ಕೂಡಿಸಲು ಬಾರದು. 24 ಬಿಟ್ಟಿನ ಮುದ್ರಣದಲ್ಲಿ ತುಸು ತಗ್ಗಿಸಿಟ್ಟರೆ ಹಾನಿಯೇನಿಲ್ಲ.

ಹಾಡು ಮುಗಿದೊಡನೆ ಮೈಕನ್ನು ಆರಿಸಬೇಡಿ. ಹಾಡಿದವರಿಂದಲೇ ಅವರ ಹೆಸರು, ಊರು, ಪದವನ್ನು ಯಾರಿಂದ ಕಲಿತರು ಎಂಬುದನ್ನು ಹೇಳಿಸಿರಿ. ಇತರರಿಗೆ ಕೇಳಿಸಲು ಒಪ್ಪಿಗೆಯೇ ಎಂದೂ ಕೇಳಿರಿ. ಅದೇ ರಾತ್ರಿ ಎರಡು ಪ್ರತಿ ಮಾಡಿ, ಒಂದನ್ನು ಬೇರೊಂದು ಮನೆಯಲ್ಲಿ ಇಡಿರಿ.