ಹೂವಿಲ್ಲದ ಕಾಲದಲ್ಲಿ ಮರದ ಗುರುತು

ಬೆಂಗಳೂರಿನ ಬೀದಿಗಳಲ್ಲಿ ಜಕರಾಂಡವು ನೀಲಿನೇರಳೆಯಾಗಿಯೂ ಗುಲ್‌ಮೊಹರು ಕೆಂಪಾಗಿಯೂ ಹೂತು ನಿಂತಾಗ ಅವನ್ನು ಗುರುತಿಸಲು ಯಾರ ನೆರವೂ ಬೇಕಾಗುವುದಿಲ್ಲ. ಆದರೆ ಹೂವಿನ ಕಾಲ ಕೆಲವು ವಾರಗಳಷ್ಟೆ. ಅದು ಕಳೆದ ಮೇಲೆ ಎರಡರಲ್ಲಿಯೂ ಗರಿಯಂತೆ ಹರಡಿದ ಎಲೆಯೇ ಕಾಣುವುದರಿಂದ ಒಂದನ್ನು ಮತ್ತೊಂದೆಂದು ಭ್ರಮಿಸುವುದು ಸುಲಭ.

ಆಗ ನಾವು ಮೊದಲು ನೋಡಬೇಕಾದುದು ರೆಂಬೆಯ ಮೇಲೆ ಎಲೆಗಳು ಹುಟ್ಟುವ ಕ್ರಮವನ್ನು. ಜಕರಾಂಡದಲ್ಲಿ ಅವು ಎದುರುಬದುರಾಗಿ ಜೋಡಿಜೋಡಿಯಾಗಿ ಹೊರಡುತ್ತವೆ. ಗುಲ್‌ಮೊಹರಿನಲ್ಲಿ ಈ ಕಡೆಗೊಂದು, ಆ ಕಡೆಗೊಂದು. ಕಿರುಎಲೆಯ ತುದಿ ಜಕರಾಂಡದಲ್ಲಿ ಚೂಪು, ಗುಲ್‌ಮೊಹರಿನಲ್ಲಿ ಮೊಂಡು. ಕಾಯಿಯಿದ್ದರಂತೂ ಸಂಶಯವೇ ಉಳಿಯದು: ಗುಲ್‌ಮೊಹರಿನದು ನೀಳವಾದ ಕತ್ತಿ, ಜಕರಾಂಡದ್ದು ಚಪ್ಪಟೆಯಾದ ಬಿಲ್ಲೆ.

ಎಲೆಯ ಹೋಲಿಕೆಯಿಂದ ಇವನ್ನು ದಾಯಾದಿಗಳೆಂದು ನಾವು ಎಣಿಸಬಾರದು. ಆ ನಿರ್ಣಯಕ್ಕೆ ಹೂವೇ ಸಾಕ್ಷಿ. ಗುಲ್‌ಮೊಹರಿನ ಐದು ದಳಗಳು ಬಿಡಿಬಿಡಿಯಾಗಿದ್ದು, ಅವುಗಳಲ್ಲೊಂದು ಬಿಳುಪುಮಿಶ್ರಿತ ಗೆರೆಗಳಿಂದ ಕೂಡಿರುತ್ತದೆ. ಜಕರಾಂಡದ ದಳಗಳು ಒಂದಾಗಿ ಕೊಳವೆಯಾಗಿವೆ. ಮಡಗಾಸ್ಕರ್ ದ್ವೀಪದಿಂದ ಬಂದ ಗುಲ್‌ಮೊಹರು ನಮ್ಮ ಹುಣಿಸೆಯ ಕುಟುಂಬದ್ದು. ದಕ್ಷಿಣ ಅಮೆರಿಕದ ಜಕರಾಂಡವು ಆಕಾಶಮಲ್ಲಿಗೆಯ ಬಳಗಕ್ಕೆ ಸೇರಿದುದು. ಆದುದರಿಂದ ಹೂವು ಕುಲವನ್ನು ತಿಳಿಸಿದರೆ, ಅದು ಉದುರಿದ ಮೇಲೂ ಮರದ ಪರಿಚಯ ತಪ್ಪದಂತೆ ಎಲೆ ಕಾಪಾಡುತ್ತದೆ.