ನಡುಗಡಲಲ್ಲಿ ನಿದ್ದೆ

ಪ್ರಶ್ನೆ: ಹಾಯಿದೋಣಿಯಲ್ಲಿ ಒಬ್ಬರೇ ತಿಂಗಳುಗಟ್ಟಲೆ ಸಾಗುವವರು ನಿದ್ದೆ ಯಾವಾಗ ಮಾಡುತ್ತಾರೆ? ರಾತ್ರಿ ಲಂಗರು ಹಾಕುತ್ತಾರೆಯೇ?

ಉತ್ತರ: ಲಂಗರು ಹಾಕುವುದೆಲ್ಲಿ? ನಡುಗಡಲಿನ ಆಳ ಮೂರು ನಾಲ್ಕು ಕಿಲೋಮೀಟರ್. ಅಷ್ಟುದ್ದದ ಹಗ್ಗವನ್ನು ಪುಟ್ಟ ದೋಣಿ ಹೊರಲಾರದು. ಆದ್ದರಿಂದ ನಾವಿಕ ಮಲಗಿದ್ದಾಗಲೂ ದೋಣಿ ಓಡುತ್ತಲೇ ಇರುತ್ತದೆ. ಚುಕ್ಕಾಣಿ ಹಿಡಿಯುವುದು ಹಿಂಬದಿಯಲ್ಲಿರುವ ಗಾಳಿಪಟ್ಟಿ. ದೋಣಿ ದಿಕ್ಕು ತಪ್ಪಿದರೆ ಗಾಳಿ ಈ ಪಟ್ಟಿಯನ್ನು ವಾಲಿಸುತ್ತದೆ, ಅದು ಚುಕ್ಕಾಣಿಯನ್ನು ತಿರುಗಿಸುತ್ತದೆ. ಕರೆಂಟು ಬೇಡ, ಸಂಬಳವೂ ಬೇಡ!

ನಿಜವಾದ ಭಯ ದೊಡ್ಡ ಹಡಗುಗಳದು. ದಿಗಂತದಲ್ಲಿ ಕಂಡ ಹಡಗು ಇಪ್ಪತ್ತು ನಿಮಿಷದೊಳಗೆ ಮೈಮೇಲೆ ಬಂದುಬಿಡಬಹುದು. ಹಾಗಾಗಿ ಹಡಗುದಾರಿಯಲ್ಲಿ ಅಲಾರಾಂ ಇಟ್ಟು ಕಾಲು ಗಂಟೆ, ಇಪ್ಪತ್ತು ನಿಮಿಷದ ಕೋಳಿನಿದ್ದೆ. ಎದ್ದು ಸುತ್ತ ಕಣ್ಣಾಡಿಸಿ ಮತ್ತೆ ಮಲಗುವುದು. ಹಡಗುಗಳೇ ಅಪರೂಪವಾದ ದಕ್ಷಿಣ ಸಾಗರದಲ್ಲಿ ಒಂದಷ್ಟು ಹೆಚ್ಚು ಹೊತ್ತು ಮಲಗಬಹುದು, ಬಿರುಗಾಳಿ ಬಿಟ್ಟರೆ.

ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದಾಗ ಅವರ ಗಾಳಿಪಟ್ಟಿ ಆಸ್ಟ್ರೇಲಿಯಾದ ಬಳಿ ಕೆಟ್ಟಿತು. ಆಮೇಲೆ ಹಾಯಿಗಳನ್ನೇ ಹದವಾಗಿ ಕಟ್ಟಿ, ದೋಣಿ ತಾನಾಗಿ ಸಾಗುವಂತೆ ಮಾಡಿಕೊಂಡರು. ನನಗೆ ಯಾವ ಯಂತ್ರಕ್ಕಿಂತಲೂ ಇದೇ ದೊಡ್ಡ ಚಮತ್ಕಾರ. ಅಂದಹಾಗೆ, ಅವರ 'ಸುಹೈಲಿ' ದೋಣಿ ತಯಾರಾದದ್ದು ನಮ್ಮ ಮುಂಬಯಿಯಲ್ಲಿ, ತೇಗದ ಮರದಿಂದ. ಅದೇ ಮುಂಬಯಿಯಿಂದ 2012ರ ನವೆಂಬರ್‌ನಲ್ಲಿ 'ಮ್ಹಾದೇಯಿ' ದೋಣಿ ಏರಿ ಹೊರಟ ನೌಕಾಪಡೆಯ ಅಭಿಲಾಷ್ ಟಾಮಿ, ಹೀಗೆಯೇ ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಮೊದಲ ಭಾರತೀಯರಾದರು.